ಒಂದು ಹಿಡಿ ಹಸಿ ಬೀಜ

“ಅದರಲ್ಲಿ ಅರ್ಧ ತಿರುಗಿ ಕೊಟ್ಟು ಬನ್ನಿ ಟೀಚರೇ. ಹಾಗೇ ಹುರಿಯುದು ಬೇಡ.”

ಮಗುವನ್ನು ತೊಡೆಯ ಮೇಲೆ ಮಲಗಿಸಿ ತಟ್ಟುತ್ತಿದ್ದ ಮುದುಕಿ ಕಮಲಾವತಿ ಹೀಗೆಂದಾಗ ಮಗುವಿನ ತಾಯಿ ಸುಪ್ರಿತಾ ನಕ್ಕುಬಿಟ್ಟಳು. ಅವಳ ಮುಂದೆ ಗೋಣಿಚೀಲದ ಮೇಲೆ, ಆಗಷ್ಟೇ ಬಂದ ಕಾಫಿ ಹುರಿಯುವ ಯಂತ್ರವಿತ್ತು. ಅಡ್ಡಕ್ಕೆ ಮಲಗಿದ ಕಬ್ಬಿಣದ ಡ್ರಮ್, ಬದಿಯಲ್ಲಿ ಮೋಟಾರು, ಬೀಜದ ಬಣ್ಣ ನೋಡಲು ಅಂಗೈಯಗಲದ ಗಾಜು. ಡ್ರಮ್ಮಿನೊಳಗೆ ಒಂದು ಹಿಡಿ ಹಸಿ ಬೀಜ.

“ಅರ್ಧ ಹಿಡಿ ಬೀಜ ಹಿಡಿದುಕೊಂಡು ಹೋದರೆ ಇದನ್ನು ಕೊಟ್ಟ ಭವಿತಾ ನನಗೆ ಮರ್ಲು, ತಲೆ ಕೆಟ್ಟಿದೆ ಅಂತಾಳೆ ಕಮಲಕ್ಕ.”

“ಅನ್ನಲಿ. ಪಾತ್ರೆಯಲ್ಲಿ ಬಂದದ್ದನ್ನು ಪೂರ್ತಿ ಇಟ್ಟುಕೊಂಡರೆ ಅದರ ಜೊತೆ ಬಂದದ್ದೂ ಪೂರ್ತಿ ನಮ್ಮದೇ ಆಗ್ತದೆ. ಅರ್ಧ ತಿರುಗಿ ಹೋದರೆ ಯಾವುದೂ ಹಿಡಿಯುದಿಲ್ಲ.”

“ಹಿಡಿಯುದು ಎಂತ, ಮಾಟವಾ? ನಾನು ಕೆಮಿಸ್ಟ್ರಿ ಹೇಳಿಕೊಡುವವಳು ಮಾರಾಯ್ರೆ!”

ಕಮಲಾವತಿ ಮಗುವಿನ ಕಿವಿಯ ಮೇಲೆ ಮೆಲ್ಲಗೆ ಅಂಗೈ ಮುಚ್ಚಿದಳು.

ಸುಳ್ಯದ ಕಾಲೇಜಿಗೆ ಕೆಲಸ ಸಿಕ್ಕಿ ಮಂಗಳೂರಿನಿಂದ ಬಂದ ಸುಪ್ರಿತಾ ಕಲ್ಲುಗುಂಡಿಯಲ್ಲಿ ಕಮಲಾವತಿಯ ಮನೆಯ ಒಂದು ಭಾಗದಲ್ಲಿ ಬಾಡಿಗೆಗಿದ್ದಳು. ಗಂಡ ವಾರಕ್ಕೊಮ್ಮೆ ಬರುತ್ತಿದ್ದ. ಕಾಲೇಜಿನಿಂದ ಬಂದವಳೇ ಮಗಳ ನೆತ್ತಿಗೆ ಮೂಗೊತ್ತಿ ಆ ಹಾಲು-ಎಣ್ಣೆಯ ಪರಿಮಳ ಎಳೆದುಕೊಳ್ಳುವುದು, ಆಮೇಲೆ ಬಾಣಲೆಯಲ್ಲಿ ಕಾಫಿ ಬೀಜ ಹುರಿಯುವುದು: ಇವೆರಡರಲ್ಲಿ ಅವಳ ದಿನದ ದಣಿವೆಲ್ಲ ಇಳಿಯುತ್ತಿತ್ತು. ಆದರೆ ಬಾಣಲೆಯಲ್ಲಿ ಎಷ್ಟು ಕೈಯಾಡಿಸಿದರೂ ಒಂದು ಬೀಜ ಕರಿ, ಇನ್ನೊಂದು ಹಸಿ. ಡ್ರಮ್ ಬೇಕೆಂದು ಬಹಳ ದಿನದ ಆಸೆ.

ಅದನ್ನು ತೀರಿಸಿದವಳು ಸಹೋದ್ಯೋಗಿ ಭವಿತಾ. ಊರಿಗೆ ಬಂದ ಹೊಸತರಲ್ಲಿ ಸುಪ್ರಿತಾ ಜ್ವರದಲ್ಲಿ ಬಿದ್ದಿದ್ದಾಗ ಸ್ಕೂಟರಿನಲ್ಲಿ ಗಂಜಿ ತಂದವಳು ಅವಳೇ. ಉಪ್ಪಿನಕಾಯಿ ಗಂಜಿಗೆ ಬೆರೆಯದಿರಲೆಂದು ಬಾಡಿಸಿದ ಬಾಳೆಎಲೆಯಲ್ಲಿ ಬೇರೆಯೇ ಕಟ್ಟಿ ತಂದಿದ್ದಳು. ಆ ಪುಟ್ಟ ಕಟ್ಟನ್ನು ಸುಪ್ರಿತಾ ಮರೆತಿರಲಿಲ್ಲ.

“ನನಗೀಗ ಹುರಿಯಲಿಕ್ಕೆ ಮನಸ್ಸಿಲ್ಲ ಸುಪ್ರಿ. ನೀನು ಮೂಗಿನಲ್ಲೇ ಹದ ಹಿಡಿಯುವವಳು, ನಿನ್ನ ಹತ್ತಿರ ಇರಲಿ,” ಎಂದು ಯಂತ್ರ ಇಳಿಸಿ, “ಖಾಲಿ ಕೊಡಬಾರದಲ್ಲ, ಬೀಜ ಹಾಕಿದ್ದೇನೆ. ಮೊದಲು ಅದನ್ನೇ ಹುರಿದು ಕುಡಿ,” ಎಂದಿದ್ದಳು.

ಆ ಮಧ್ಯಾಹ್ನವೇ ಸುಪ್ರಿತಾ ಗ್ಯಾಸು ಹಚ್ಚಿ ಸ್ವಿಚ್ಚು ಒತ್ತಿದಳು. ಡ್ರಮ್ ಗರಗರ ತಿರುಗಿತು. ಮೊದಲು ಹಸಿ ಹುಲ್ಲಿನ ವಾಸನೆ. ಆಮೇಲೆ ಒಣಹುಲ್ಲಿನದು. ಆಮೇಲೆ ಕಾವಲಿಯ ಮೇಲಿನ ರೊಟ್ಟಿಯದು. ಅವಳು ಕಣ್ಣು ಮುಚ್ಚಿ ಸುಖಪಟ್ಟಳು. ಬೀಜ ಸಿಡಿಯತೊಡಗಿತು.

ಆದರೆ ಅದು ಬೀಜ ಸಿಡಿಯುವ ಸದ್ದಾಗಿರಲಿಲ್ಲ. ಬೆರಳ ನೆಟಿಗೆ ಮುರಿಯುವ ಸದ್ದು. ಒಂದೊಂದೇ ಗೆಣ್ಣು, ನಿಧಾನವಾಗಿ, ಹೊಟ್ಟೆ ಉರಿದವರು ಶಾಪ ಹಾಕುತ್ತ ಮುರಿದಂತೆ. ಲಟಕ್. ಲಟಕ್.

ಕರೆಂಟು ಹೋಯಿತು. ಫ್ಯಾನು ನಿಂತಿತು. ಫ್ರಿಜ್ಜು ಸುಮ್ಮನಾಯಿತು. ಡ್ರಮ್ ನಿಲ್ಲಲಿಲ್ಲ. ಅವಳು ಗ್ಯಾಸು ಆರಿಸಿದಳು. ನಿಲ್ಲಲಿಲ್ಲ. ಗಾಜಿಗೆ ಬಗ್ಗಿದಳು. ಒಳಗೆ ಕತ್ತಲೆ. ಕತ್ತಲೆಯಿಂದ ಐದು ಬೆರಳ ತುದಿಗಳು ಬಂದು ಗಾಜಿಗೆ ಒತ್ತಿದವು. ಬೆಳ್ಳಗಾದವು. ಮರೆಯಾದವು.

ಡ್ರಮ್ ನಿಂತಿತು.

ಬೀಜ ಮಾತ್ರ ಒಂದೇ ಬಣ್ಣಕ್ಕೆ ಹದವಾಗಿ ಹುರಿದಿತ್ತು. ಹೊಗೆಗೆ ಕಣ್ಣು ಮೋಸ ಹೋಯಿತು, ತಿರುಗಿದ ವೇಗಕ್ಕೆ ಡ್ರಮ್ ಇನ್ನಷ್ಟು ಸುತ್ತಿತು ಎಂದು ತನಗೇ ಪಾಠ ಹೇಳಿಕೊಂಡು, ಪುಡಿ ಮಾಡಿ, ಡಿಕಾಕ್ಷನ್ ಇಳಿಸಿ ಕುಡಿದಳು.

ಎರಡನೇ ಗುಟುಕಿಗೆ ಕಾಫಿಯ ಪರಿಮಳ ಆರಿಹೋಯಿತು. ಸಂಜೆಗೆ ಮಲ್ಲಿಗೆ ಹೋಯಿತು, ಕರ್ಪೂರ ಹೋಯಿತು. ಮಗಳ ನೆತ್ತಿಗೆ ಮೂಗೊತ್ತಿದರೆ ಒಂದೇ ವಾಸನೆ: ಸುಟ್ಟ ಕೂದಲು. ಅನ್ನದಲ್ಲಿ ಅದೇ. ನೀರಿನಲ್ಲಿ ಅದೇ. ಡಾಕ್ಟರು ಟಾರ್ಚು ಹಾಕಿ ನೋಡಿ ಮೂಗು ಸರಿಯಾಗಿದೆ ಎಂದರು.

ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆ ಆರಿತ್ತು. ಗ್ಯಾಸು ಸೋರುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಗು ಮಲಗಿತ್ತು. ಸುಪ್ರಿತಾ ಅಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಕಮಲಾವತಿ ಓಡಿ ಬಂದು ಸಿಲಿಂಡರ್ ಬಂದ್ ಮಾಡಿದಳು. “ಇಷ್ಟು ನಾತ ಬರ್ತಾ ಉಂಟು, ಗೊತ್ತಾಗಲಿಲ್ವಾ ಮಗಾ?”

ಸುಪ್ರಿತಾ ಉಳಿದ ಕಾಫಿಪುಡಿ ಹಿಡಿದುಕೊಂಡು ಭವಿತಾಳ ಮನೆಗೆ ಹೋದಳು. ಭವಿತಾ ಅಂಗಳದ ಕಾಫಿ ಗಿಡಕ್ಕೆ ಮುಖವಿಟ್ಟು ನಿಂತಿದ್ದಳು. ಗಿಡವಿಡೀ ಬೆಳ್ಳಗೆ ಹೂವು. ಅವಳು ಕಳೆದುಹೋದದ್ದು ತಿರುಗಿ ಸಿಕ್ಕಿದವಳ ಹಾಗೆ ಮೂಸುತ್ತಿದ್ದಳು, ಅಳುತ್ತಿದ್ದಳು, ಮತ್ತೆ ಮೂಸುತ್ತಿದ್ದಳು.

ಸುಪ್ರಿತಾಳಿಗೆ ಬೇರೇನೂ ಕೇಳಬೇಕಾಗಲಿಲ್ಲ. “ಅರ್ಧ ತೆಗೆದುಕೋ,” ಎಂದಳು.

ಭವಿತಾ ಹಿಂದೆ ಸರಿದಳು. “ಕುಡಿದಾದ ಮೇಲೆ ಆಗುದಿಲ್ಲ ಸುಪ್ರಿ. ನನಗೂ ನನ್ನ ಸ್ವಂತ ಅಕ್ಕನ ಕೈಯಿಂದ ಬಂದದ್ದು. ಮಾಟ ಮಾಡಿಸಿದ್ದು ಯಾರೋ, ಯಾರಿಗೋ. ನಂಬಿದವರಿಗೆ ಕೊಟ್ಟರೆ ಮಾತ್ರ ನಮ್ಮನ್ನು ಬಿಡ್ತದೆ. ಡ್ರಮ್ಮೇ ಕೊಡಬೇಕಂತಿಲ್ಲ, ಅದರೊಳಗಿನ ಬೀಜ ಸಾಕು.”

“ನಂಬಿದವರಿಗೆ,” ಸುಪ್ರಿತಾ ಮೆಲ್ಲಗೆ ಅಂದಳು. “ಹಾಗಾದರೆ ಅವತ್ತು ಗಂಜಿ ತಂದದ್ದು?”

ಭವಿತಾ ಒಳಗೆ ಹೋಗಿ ಚಿಲಕ ಹಾಕಿದಳು. ದಾರಿಯುದ್ದಕ್ಕೂ ಸುಪ್ರಿತಾಳ ಕಣ್ಣ ಮುಂದೆ ಆ ಬಾಳೆಎಲೆಯ ಕಟ್ಟು. ಎಷ್ಟು ಒಪ್ಪವಾಗಿ ಮಡಚಿದ್ದಳು!

ಮನೆಗೆ ಬಂದು ಡ್ರಮ್ಮಿನ ಮುಚ್ಚಳ ತೆಗೆದರೆ ತಳದಲ್ಲಿ ಒಂದು ಹಿಡಿ ಹಸಿ ಬೀಜ ಕಾದಿತ್ತು.

ಈ ಊರಿನಲ್ಲಿ ಅವಳನ್ನು ನಂಬಿದವರು ಯಾರು? ಜಗಲಿಯಲ್ಲಿ ಕಮಲಾವತಿ ಮಗುವಿಗೆ ಹಾಡು ಹೇಳುತ್ತಿದ್ದಳು. ಹಲಸಿನ ಕಡುಬು ಕೊಟ್ಟು ಕಳಿಸಿದ್ದ ಅವಳ ಸ್ಟೀಲ್ ಡಬ್ಬಿ ಶೆಲ್ಫಿನಲ್ಲಿ ಹಾಗೇ ಇತ್ತು. ಸುಪ್ರಿತಾ ಆ ಡಬ್ಬಿಯನ್ನೇ ನೋಡುತ್ತ ನಿಂತಳು. ಗ್ಯಾಸು ಸೋರಿದ ಬೆಳಿಗ್ಗೆ ನೆನಪಾಯಿತು. ಹುರಿದಳು. ನೆಟಿಗೆ ಮುರಿಯಿತು. ಕಿವಿ ಮುಚ್ಚಿಕೊಂಡಳು. ಪುಡಿ ಮಾಡಿದಳು. ಡಬ್ಬಿಗೆ ತುಂಬಿದಳು. ಜಗಲಿಗೆ ಹೋದಳು.

“ಖಾಲಿ ಕೊಡಬಾರದಲ್ಲ ಕಮಲಕ್ಕ.” ಭವಿತಾಳ ಮಾತು ತನ್ನದೇ ಬಾಯಿಂದ ಬಂದಿತ್ತು.

ಮುದುಕಿಯ ಮುಖ ಅರಳಿತು. ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ಮೂಸಿದಳು. “ಎಂತ ಘಮ ಮಗಾ! ನಮ್ಮ ಕ್ರಮ ಎಲ್ಲ ಕಲಿತಿರಿ.”

ಆಮೇಲೆ, ಬದುಕಿಡೀ ಮಾಡಿದ ಹಾಗೆ, ಏನೂ ಯೋಚಿಸದೆ, ಪಕ್ಕದಲ್ಲಿದ್ದ ಲೋಟಕ್ಕೆ ಅರ್ಧ ಪುಡಿ ಸುರಿದು ಸುಪ್ರಿತಾಳ ಕೈಗಿಟ್ಟಳು. ಅಂಚಿಗೆ ಅಂಟಿದ ಪುಡಿ ಚೆಲ್ಲದಿರಲೆಂದು ಸೆರಗಿನಿಂದ ಒರೆಸಿಯೂ ಕೊಟ್ಟಳು.

“ಅರ್ಧ ನಿಮಗೆ. ನಿಮ್ಮದು ನಿಮ್ಮಲ್ಲಿ ಇರಬೇಕಲ್ಲ.”

ಒಳಗೆ ಡ್ರಮ್ ತಾನಾಗಿ ತಿರುಗತೊಡಗಿತು. ಮಗು ತೋಳು ಚಾಚಿತು. ಸುಪ್ರಿತಾ ಬಾಗಿ, ಉಸಿರು ಬಿಗಿಹಿಡಿದು, ಅದರ ನೆತ್ತಿಗೆ ಮೂಗೊತ್ತಿದಳು. ಇನ್ನು ತಡೆಯಲಾಗದೆ ಉಸಿರೆಳೆದಳು.

ಸುಟ್ಟ ಕೂದಲು.