ಕೆಂಪು ಪಟ್ಟಿ ಕಟ್ಟಿದ ಹಸು

ಶೀಶೆಯೊಳಗಿನ ನೇರಳೆ ಬಣ್ಣ ಹಳದಿಗೆ ತಿರುಗಲೇ ಇಲ್ಲ.

ಡೇರಿಯ ಹಾಲು ಪರೀಕ್ಷಕಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಶುದ್ಧ ಹಾಲಾದರೆ ಹಳದಿಯಾಗಬೇಕಿತ್ತು. ಸಂಶಯವಿರಲಿಲ್ಲ—ದೊಡ್ಡ ಸೊಸೆಯ ಕೊಟ್ಟಿಗೆಯ ಹಾಲಿನಲ್ಲಿ ಹಸುವಿಗೆ ಚುಚ್ಚಿದ ಔಷಧ ಬೆರೆತಿತ್ತು. ದೇಶದ ಹಾಲು ಮಂಡಳಿಯು ಸಾವಿರಾರು ಕೊಟ್ಟಿಗೆಗಳ ನಡುವೆ ಮಾದರಿಯೆಂದು ಆರಿಸಿದ ಕೊಟ್ಟಿಗೆ ಅದು. ಮಂಡಳಿಯವರು ಬಂದು ನೋಡುವ ದಿನ ಇವತ್ತೇ. ಪರೀಕ್ಷಕಿ ವರದಿಯಲ್ಲಿ ‘ಒಡತಿಯ ಅಲಕ್ಷ್ಯ’ ಎಂದು ಬರೆದರೆ ಮಾದರಿಯ ಪಟ್ಟ ಹೋಗುವುದಷ್ಟೇ ಅಲ್ಲ, ಅಲ್ಲಿನ ಹಾಲು ಇನ್ನೆಂದೂ ದೇಶದ ಯಾವ ಡೇರಿಯ ಬಾಗಿಲನ್ನೂ ಕಾಣುವಂತಿರಲಿಲ್ಲ.

ಅವಳ ಎದೆಯೊಳಗೆ ಏನೋ ತಣ್ಣಗಾಯಿತು. ಅದು ಸಂತೋಷವೆಂದು ತಿಳಿದಾಗ ಅವಳಿಗೇ ನಾಚಿಕೆಯಾಯಿತು. ಅವಳೂ ದೊಡ್ಡ ಸೊಸೆಯೂ ಹೈನುಗಾರಿಕೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಕನಸು ಕಂಡ ಗೆಳತಿಯರು. ಒಬ್ಬಳಿಗೆ ಮೂವತ್ತು ಹಸು ದಕ್ಕಿದವು—ಕರೆದರೆ ಸಾಕು, ಅರಮನೆಯ ಸಖಿಯರಂತೆ ಒಟ್ಟಿಗೇ ತಲೆಯೆತ್ತುವ ಹಸುಗಳು. ಇನ್ನೊಬ್ಬಳಿಗೆ ಶೀಶೆಗಳು.

ಕೊಟ್ಟಿಗೆಯಲ್ಲಿ ಮೂವರು ಕಾದಿದ್ದರು. ದೊಡ್ಡ ಸೊಸೆ, ಎಂಟು ದಿನದ ಹಿಂದಷ್ಟೇ ಕೆಲಸಕ್ಕೆ ಸೇರಿದ್ದ ಹಾಲು ಕರೆಯುವ ಆಳು, ಗೋಡೆಯಾಚೆಯ ಕೊಟ್ಟಿಗೆಯ ಒಡತಿಯಾದ ಚಿಕ್ಕ ಸೊಸೆ. ಅಣ್ಣತಮ್ಮಂದಿರು ಪಾಲಾದಾಗ ಎಬ್ಬಿಸಿದ ಮೋಟುಗೋಡೆ ಅದು. ಆಚೆಯದು ಈಚೆಯದರ ಕನ್ನಡಿಬಿಂಬದಂತಿತ್ತು.

ದೊಡ್ಡ ಸೊಸೆ ನಡೆದದ್ದನ್ನು ಹೇಳಿದಳು. ನಾಲ್ಕು ದಿನದ ಹಿಂದೆ ಒಂದು ಹಸುವಿನ ಕೆಚ್ಚಲು ಬಾತಿತ್ತು. ಡಾಕ್ಟರು ಬಂದು ಸೂಜಿ ಚುಚ್ಚಿದರು. ಅದರ ಹಿಂಗಾಲಿಗೆ ತಾನೇ ಕೈಯಾರೆ ಕೆಂಪು ಪಟ್ಟಿ ಕಟ್ಟಿದ್ದಳು. ಪಟ್ಟಿ ಇರುವ ಹಸುವಿನ ಹಾಲು ಮೋರಿಗೆ. ಅದು ಎಲ್ಲ ಕೊಟ್ಟಿಗೆಗಳಲ್ಲೂ ನಡೆದುಬಂದ ಪದ್ಧತಿ. ಇಷ್ಟು ದಿನ ಆ ಹಸುವನ್ನು ಅವಳೇ ಕರೆಯುತ್ತಿದ್ದಳು. ಇವತ್ತು ಬೆಳಿಗ್ಗೆ ಮಂಡಳಿಯವರನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋಗಿದ್ದರಿಂದ ಆಳು ಒಬ್ಬನೇ ಎಲ್ಲ ಹಸುಗಳನ್ನೂ ಕರೆದಿದ್ದ. ರೈಲು ತಡವೆಂದು ಅವಳು ಒಬ್ಬಳೇ ಮರಳಿದ್ದಳು.

“ಪಟ್ಟಿ ನೋಡ್ಲಿಲ್ವಾ?” ಪರೀಕ್ಷಕಿ ಆಳನ್ನು ಕೇಳಿದಳು.

“ಇರ್ಲಿಲ್ಲಮ್ಮ. ಯಾವ ಹಸುಗೂ ಇರ್ಲಿಲ್ಲ.”

“ಹಾಗಾದ್ರೆ ಅದೇನು, ಗೆಜ್ಜೆನಾ?” ಎಂದು ಚಿಕ್ಕ ಸೊಸೆ ಬೆರಳು ತೋರಿದಳು.

ಕರಿ ಹಸುವೊಂದರ ಹಿಂಗಾಲಿನಲ್ಲಿ ಕೆಂಪು ಪಟ್ಟಿ ಇತ್ತು. ದೊಡ್ಡ ಸೊಸೆ ಹತ್ತಿರ ಹೋಗಿ ಬಗ್ಗಿ ನೋಡಿ ಬಿಳಿಚಿಕೊಂಡಳು. ಕಾಯಿಲೆಯ ಹಸು ಇದಲ್ಲ, ಪಕ್ಕದ್ದು ಎಂದಳು. ಎರಡೂ ಹಸುಗಳು ಕಥೆಯಲ್ಲಿ ಬರುವ ಅವಳಿ ರಾಜಕುಮಾರಿಯರಂತಿದ್ದವು—ಅದೇ ಕಪ್ಪು, ಹಣೆಯ ಮೇಲೆ ಅದೇ ಬಿಳಿ ಚುಕ್ಕೆ.

ಚಿಕ್ಕ ಸೊಸೆ ನಿಟ್ಟುಸಿರುಬಿಟ್ಟಳು. “ಪಾಪ, ಅಕ್ಕನಿಗೆ ಮಂಡಳಿ, ಫೋಟೋ, ಸನ್ಮಾನ ಅಂತ ನೂರೆಂಟು. ಮೊದಲೇ ತಪ್ಪು ಹಸುಗೆ ಕಟ್ಟಿದಾಳೆ ಅಷ್ಟೆ.”

ಎಷ್ಟು ಸಲೀಸಾದ ಉತ್ತರ! ಪರೀಕ್ಷಕಿ ಪೆನ್ನು ತೆಗೆದಳು. ‘ಒಡತಿಯ’ ಎಂದು ಬರೆದೂ ಆಯಿತು. ಮುಂದಿನ ಪದಕ್ಕೆ ಕೈ ತಡೆಯಿತು. ಕಣ್ಣು ಆಳಿನ ಕಡೆ ತಿರುಗಿತು.

ಇವನು ಯಾಕೆ ಹೀಗೆ ಹೇಳಿದ? ಪಟ್ಟಿ ಇದ್ದ ಹಸುವಿನ ಹಾಲನ್ನು ಮೋರಿಗೆ ಸುರಿದೆ ಎಂದಿದ್ದರೆ ಇವನ ತಲೆ ಉಳಿಯುತ್ತಿತ್ತು. ಸುಳ್ಳು ಹೇಳುವವನು ತನಗೇ ಗುಂಡಿ ತೋಡಿಕೊಳ್ಳುತ್ತಾನೆಯೇ?

“ಬೆಳಿಗ್ಗೆ ಹೇಗೆ ಕೂತಿದ್ದೆ? ಕೂತು ತೋರಿಸು.”

ಆಳು ಮಣೆಯನ್ನು ಪಟ್ಟಿ ಇದ್ದ ಹಸುವಿನ ಬಲಕ್ಕೆ ಎಳೆದು ಕೂತ. ಪರೀಕ್ಷಕಿ ಅವನ ಬೆನ್ನ ಹಿಂದೆಯೇ ಕುಕ್ಕರಿಸಿದಳು. ಅಲ್ಲಿಂದ ಕಂಡದ್ದು ಬಲಗಾಲು, ದಪ್ಪ ಕೆಚ್ಚಲು. ಎಡಗಾಲಿನ ಪಟ್ಟಿ ಕಾಣಲಿಲ್ಲ. ಎದ್ದು ಪಕ್ಕದ ಹಸುವಿನ ಬಳಿ ಹೋದಳು. ಅದರ ಬಲ ಹಿಂಗಾಲಿನಲ್ಲಿ ಬಳೆಯಷ್ಟು ಅಗಲಕ್ಕೆ ಕೂದಲು ಅಪ್ಪಚ್ಚಿಯಾಗಿತ್ತು. ಸುತ್ತಲೂ ಸೆಗಣಿ ಮೆತ್ತಿದ್ದರೂ ಅಷ್ಟು ಮಾತ್ರ ಸ್ವಚ್ಛವಾಗಿತ್ತು.

“ಇವಳು ತಪ್ಪು ಹಸುಗೆ ಕಟ್ಟಿಲ್ಲ,” ಎಂದಳು ಪರೀಕ್ಷಕಿ. “ಪಟ್ಟಿ ನಾಲ್ಕು ದಿನ ಇಲ್ಲೇ ಇತ್ತು, ಬಲಗಾಲಲ್ಲಿ. ಬಿಚ್ಚಿದವರು ಅದನ್ನ ಅವಳಿ ಹಸುವಿನ ಎಡಗಾಲಿಗೆ ಕಟ್ಟಿದ್ರು. ಅದಕ್ಕೇ ಇವನಿಗೆ ಕಾಣ್ಲಿಲ್ಲ. ಬಲಗಡೆ ಕೂತು ಕರೆಯೋ ಕೊಟ್ಟಿಗೆಯಲ್ಲಿ ಎಡಗಾಲಿಗೆ ಕಟ್ಟೋ ಕೈ ಯಾರದು?”

ಅವಳು ಗೋಡೆಯತ್ತ ತಿರುಗಿದಳು. ಮೋಟುಗೋಡೆಯಾಚೆ ಚಿಕ್ಕ ಸೊಸೆಯ ಹಸುವೊಂದು ಮೆಲುಕು ಹಾಕುತ್ತಿತ್ತು. ಅದರ ಕಾಲಿನಲ್ಲೂ ಕೆಂಪು ಪಟ್ಟಿ. ಎಡಗಾಲು.

“ನಿಮ್ಮ ಕಡೆ ಎಲ್ಲ ತಿರುಗುಮುರುಗು. ನೀವು ಎಡಕ್ಕೆ ಕೂತು ಕರೆಯೋರು. ಅವಸರದಲ್ಲಿ ನಿಮ್ಮ ಕೈ ತನ್ನ ರೂಢಿ ಬಿಡಲಿಲ್ಲ. ನೀವೇ ಅಲ್ವಾ?” ಎಂದು ಪರೀಕ್ಷಕಿ ಚಿಕ್ಕ ಸೊಸೆಯನ್ನು ಕೇಳಿದಳು.

ಚಿಕ್ಕ ಸೊಸೆ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಳು. ಅಳಲಿಲ್ಲ. “ನಾನೂ ಅದೇ ಮೇವು ಹಾಕ್ತೀನಿ, ಅದೇ ಬಾವಿ ನೀರು ಕುಡಿಸ್ತೀನಿ. ಬಂದೋರೆಲ್ಲ ಅವಳ ಬಾಗಿಲಲ್ಲೇ ಯಾಕೆ ನಿಲ್ತಾರೆ?”

ಎಷ್ಟೋ ವರ್ಷದಿಂದ ಪರೀಕ್ಷಕಿಯೂ ಅದನ್ನೇ ಕೇಳಿಕೊಳ್ಳುತ್ತಿದ್ದಳು. ‘ಒಡತಿಯ’ ಎಂಬುದನ್ನು ಹೊಡೆದುಹಾಕಿ, ಕಂಡದ್ದನ್ನು ಕಂಡಂತೆ ಬರೆದು ಸಹಿ ಮಾಡಿದಳು.

ದೊಡ್ಡ ಸೊಸೆ ಅವಳನ್ನು ಗೇಟಿನವರೆಗೆ ಕಳಿಸಲು ಬಂದಳು. ಗೇಟಿನ ಚಿಲಕ ತೆಗೆಯುತ್ತ ಕೇಳಿದಳು: “ನಾನೇ ತಪ್ಪು ಮಾಡಿದೀನಿ ಅಂತ ನಂಬಿದ್ಯೇನೇ?”

“ನಂಬೋಕೆ ತುಂಬಾ ಆಸೆಯಿತ್ತು ಕಣೆ,” ಎಂದಳು ಪರೀಕ್ಷಕಿ. “ಅದಕ್ಕೇ ಎರಡನೇ ಸಲ ನೋಡಿದೆ.”