ಲೈಬ್ರರಿ ನಂಬರಿನ ಕನ್ನಡಕ

“ಆ ಪುಸ್ತಕ ಇಲ್ಲ,” ಎಂದಳು ಗ್ರಂಥಪಾಲಕಿ, ತಲೆ ಎತ್ತದೆ.

“ಇದೆಯಲ್ಲ ಮೇಡಂ. ನಿಮ್ಮ ಹಿಂದೇನೇ ಇದೆ. ಇಲ್ಲಿಂದ ಕಾಣಿಸ್ತಿದೆ.”

ಅವನು ಹೇಳಿದ್ದು ನಿಜ. ಅವಳ ಕುರ್ಚಿಯ ಹಿಂದೆ ಗಾಜಿನ ಬಾಗಿಲಿನ ಕಪಾಟು, ಕಪಾಟಿಗೆ ಹೊಸ ಬೀಗ, ಗಾಜಿನ ಆಚೆ ನೀಲಿ ರಟ್ಟಿನ ಆ ಕಾದಂಬರಿ. ಒಂದು ದೂರು ಬಂದು, ವಿಚಾರಣೆ ಮುಗಿಯುವವರೆಗೆ ಯಾರಿಗೂ ಕೊಡಬಾರದೆಂದು ಆಡಳಿತ ಮಂಡಳಿ ಆದೇಶಿಸಿದ ಮೇಲೆ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಯಾರ ಕೈಗೂ ಸಿಗುತ್ತಿರಲಿಲ್ಲ.

“ಕಾಣಿಸೋದೆಲ್ಲ ಸಿಗಲ್ಲ ಸಾರ್.” ಈಗ ತಲೆ ಎತ್ತಿದಳು. ಆದರೆ ನೋಡಿದ್ದು ಅವನ ಮುಖವನ್ನಲ್ಲ, ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಫೋನನ್ನು. “ಮೊದಲು ಅದನ್ನ ಮೇಜಿನ ಮೇಲೆ ಬೋರಲು ಹಾಕಿ.”

“ಯಾಕೆ?”

“ಹೋದ ವಾರ ಒಬ್ಬರು ಬಂದಿದ್ರು. ನಿಮ್ಮ ಹಾಗೇ ವಿನಯ. ಕೊನೆಗೆ ನೋಡಿದ್ರೆ, ನಾನು ಪುಸ್ತಕ ಕೊಡ್ತೀನಾ ಅಂತ ಜೇಬಿನಿಂದ್ಲೇ ವಿಡಿಯೋ ಮಾಡ್ತಿದ್ರು.”

ಅವನು ಫೋನ್ ಇಟ್ಟ. ಅವಳ ಅನುಮಾನ ಅಷ್ಟಕ್ಕೆ ಇಳಿದ ಹಾಗೆ ಕಾಣದಿದ್ದಾಗ ಜೇಬುಗಳನ್ನೇ ಖಾಲಿ ಮಾಡಿದ. ಒಂದು ಮೆತ್ತನೆಯ ಬಟ್ಟೆ, ಬೆರಳುದ್ದದ ಸ್ಕ್ರೂಡ್ರೈವರ್, ಸಾಸಿವೆಯಷ್ಟು ಸಣ್ಣ ಸ್ಕ್ರೂಗಳಿದ್ದ ಡಬ್ಬಿ.

“ಗಡಿಯಾರ ರಿಪೇರಿನಾ?”

“ಕನ್ನಡಕ. ಎದುರು ರಸ್ತೇಲಿ ಅಂಗಡಿ ಇದೆ.” ಅವನು ಒಂದು ಕ್ಷಣ ತಡೆದು, ಆಮೇಲೆ ತಡೆಯಲಾರದೆ ಹೇಳಿಬಿಟ್ಟ. “ನಿಮ್ಮ ಕನ್ನಡಕದ ಎಡಗಡೆ ಕಡ್ಡಿ ಸಡಿಲ ಆಗಿದೆ. ಬಂದಾಗಿನಿಂದ ನೋಡ್ತಿದ್ದೀನಿ. ಜಾರುತ್ತೆ, ನೀವು ಮೇಲೆ ತಳ್ತೀರಿ, ಮತ್ತೆ ಜಾರುತ್ತೆ. ನನಗೆ ಸಹಿಸಕ್ಕೆ ಆಗ್ತಿಲ್ಲ.”

ಅವಳು ಅನುಮಾನದಿಂದಲೇ ತೆಗೆದುಕೊಟ್ಟಳು. ಕನ್ನಡಕವಿಲ್ಲದ ಆ ಕಣ್ಣುಗಳು ಸ್ವಲ್ಪ ದಾರಿ ತಪ್ಪಿದಂತೆ ಅವನತ್ತ ಬಂದು, ಅವನ ಭುಜದ ಮೇಲೆಲ್ಲೋ ನಿಂತವು. ಸ್ಕ್ರೂ ತಿರುಗಿಸುತ್ತಿದ್ದ ಅವನ ಬೆರಳು ಯಾಕೋ ಎರಡು ಸಲ ಜಾರಿತು. ಎಷ್ಟೋ ವರ್ಷಗಳಿಂದ ಅದು ಜಾರಿರಲಿಲ್ಲ.

“ಇದು ಲಂಚಾನಾ?” ಕನ್ನಡಕ ಹಾಕಿಕೊಳ್ಳುತ್ತ ಕೇಳಿದಳು.

“ಚಟ ಮೇಡಂ.”

“ಪುಸ್ತಕ ಮಾತ್ರ ಇಲ್ಲ.” ಆದರೆ ಈ ಸಲ ಅದನ್ನು ಅವನ ಮುಖ ನೋಡಿ ಹೇಳಿದಳು.

ಅಂಗಡಿಗೆ ಮರಳಿದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಿರಾಕಿಗಳಿಗೆ ಅಕ್ಷರದ ಬೋರ್ಡ್ ತೋರಿಸುತ್ತ ತಾನೇ ಸಾಲು ತಪ್ಪಿದ. ಮಾರನೆಯ ಸಂಜೆ ಮತ್ತೆ ಹೋದ, ಅದರ ಮಾರನೆಯ ಸಂಜೆಯೂ. ದಿನಪತ್ರಿಕೆಯ ಹಿಂದೆ ಕೂತು, ಅವಳು ಪುಸ್ತಕಗಳನ್ನು ಕಪಾಟಿಗೆ ಜೋಡಿಸುವುದನ್ನು ನೋಡುತ್ತಿದ್ದ. ಕೈಗೆ ಬಂದದ್ದನ್ನು ಇಡುವ ಮೊದಲು ಅವಳು ಒಂದು ಪುಟ ತೆರೆದು ಎರಡು ಸಾಲು ಓದುತ್ತಿದ್ದಳು, ಕದ್ದು ತಿನ್ನುವವರ ಹಾಗೆ.

“ಆ ಪತ್ರಿಕೆ ನಿನ್ನೆಯದು,” ಎಂದಳು ಒಂದು ಸಂಜೆ, ಅವನ ಪಕ್ಕ ಹಾದು ಹೋಗುತ್ತ.

ಇನ್ನು ಮುಚ್ಚಿಡುವುದು ಸರಿಯಲ್ಲ ಎನಿಸಿತು ಅವನಿಗೆ. “ಒಂದು ವಿಷಯ ಹೇಳ್ಬೇಕು. ಆ ದೂರು ಕೊಟ್ಟಿದ್ದು ನನ್ನ ಅಕ್ಕ.”

ಅವಳ ತುಟಿಯ ಮೇಲಿದ್ದ ಅರ್ಧ ನಗು ಅಲ್ಲೇ ನಿಂತಿತು.

“ಹಾಗಾದ್ರೆ ಪುಸ್ತಕದ ವಿಷಯ ಮನೇಲೇ ಕೇಳಬಹುದಿತ್ತಲ್ಲ.”

“ಅವಳು ಓದಿಲ್ಲ, ಅದೇ ತೊಂದರೆ. ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಒಂದು ಪುಟದ ಫೋಟೋ ಬಂತು. ನೋಡಿದ್ರೆ ಅದೇ ಪುಸ್ತಕ ಮಗಳ ಬ್ಯಾಗಲ್ಲಿ. ಕಿತ್ಕೊಂಡು ವಾಪಸ್ ಮಾಡಿ, ದೂರೂ ಬರೆದ್ಳು. ಆವತ್ತಿಂದ ಅಮ್ಮ ಮಗಳಿಗೆ ಮಾತಿಲ್ಲ. ಇಬ್ಬರೂ ನನ್ನ ಹತ್ರ ಮಾತಾಡ್ತಾರೆ, ಅಂದ್ರೆ ಇಬ್ಬರೂ ನನಗೇ ಬೈತಾರೆ.” ಅವನು ಪತ್ರಿಕೆಯನ್ನು ಮಡಚಿದ. “ನಮ್ಮಮ್ಮ ತೀರಿಹೋದ ಮೇಲೆ ನನ್ನನ್ನ ಸಾಕಿದ್ದು ಅಕ್ಕ. ಅವಳ ಮಾತಿಗೆ ನಾನು ಎದುರು ಹೇಳಿದವನಲ್ಲ. ಈಗ ಹೇಳ್ಬೇಕೋ ಬೇಡ್ವೋ ಅಂತ ತಿಳ್ಕೊಳ್ಳಕ್ಕಾದ್ರೂ ಓದ್ಬೇಕಲ್ಲ?”

ಅವಳು ತಿರುಗಿ ಒಳಗೆ ಹೋದಳು. ಮುಗಿಯಿತು ಎಂದುಕೊಂಡ ಅವನು.

ಮಾರನೆಯ ದಿನ ಅಂಗಡಿಯ ಗಾಜಿನ ಮೇಜಿನ ಮೇಲೆ, ಕಂದು ಕಾಗದ ಹೊದಿಸಿದ ಒಂದು ಪುಸ್ತಕ ಬಂದು ಕೂತಿತು. ಅದರ ಹಿಂದೆ ಅವಳು, ಬಿಸಿಲಿನಲ್ಲಿ ನಡೆದು ಬಂದ ಮುಖ.

“ಮಂಡಳಿ ಬೀಗ ಹಾಕಿರೋದು ಲೈಬ್ರರಿ ಪ್ರತಿಗೆ. ಇದು ನನ್ನದು, ನನ್ನ ಸ್ವಂತದ್ದು. ನನ್ನ ಪುಸ್ತಕವನ್ನ ಯಾರಿಗೆ ಕೊಡ್ಬೇಕು ಅಂತ ನನಗೆ ಯಾರೂ ಹೇಳೋ ಹಾಗಿಲ್ಲ.” ಬಾಗಿಲವರೆಗೆ ಹೋಗಿ ತಿರುಗಿದಳು. “ಅಂಚಲ್ಲಿ ಪೆನ್ಸಿಲ್‌ನಲ್ಲಿ ಏನೇನೋ ಗೀಚಿದ್ದೀನಿ. ಅದನ್ನ ಓದಬೇಡಿ.”

ಅವನು ಮೊದಲು ಓದಿದ್ದು ಅದನ್ನೇ.

ಕಥೆ ಹದಿನೈದರ ಹುಡುಗಿಯೊಬ್ಬಳದು. ಮನೆಗೆ ಬಂದುಹೋಗುವ ನೆಂಟನೊಬ್ಬ ಅವಳ ಮೈ ಮುಟ್ಟುತ್ತಾನೆ. ಎಲ್ಲರೂ ಊಟಕ್ಕೆ ಕೂತಾಗ ಅವಳು ಅದನ್ನು ಗಟ್ಟಿಯಾಗಿ ಹೇಳುತ್ತಾಳೆ, ಮನೆಯವರು ಅವಳನ್ನೇ ಬೈದು ಬಾಯಿ ಮುಚ್ಚಿಸುತ್ತಾರೆ. ಫೋನುಗಳಲ್ಲಿ ಓಡಾಡುತ್ತಿದ್ದದ್ದು ಮುಟ್ಟಿದ ಪುಟ ಮಾತ್ರ. ಅವಳು ಬಾಯಿಬಿಟ್ಟ ಪುಟವನ್ನು ಯಾರೂ ಕಳಿಸಿರಲಿಲ್ಲ. ಆ ಪುಟದ ಅಂಚಿನಲ್ಲಿ ಓರೆಯಾದ ಸಣ್ಣ ಅಕ್ಷರ: ‘ಒಬ್ಬರಾದರೂ ತಟ್ಟೆಯಿಂದ ಕೈ ತೆಗೀಬಾರದಿತ್ತಾ?’

ಅವನು ಎದ್ದು ಕೋಣೆಯಲ್ಲಿ ತಿರುಗಾಡಿದ. ನೀರು ಕುಡಿದ. ಆಮೇಲೆ ಪೆನ್ಸಿಲ್ ಹುಡುಕಿ, ಅವಳ ಸಾಲಿನ ಕೆಳಗೆ ಬರೆದ: ‘ನಾನಾಗಿದ್ರೆ ತೆಗೀತಿದ್ದೆ ಅಂತ ಬರೆಯೋಕೆ ಹೊರಟೆ. ನಿಜವಾಗ್ಲೂ ಗೊತ್ತಿಲ್ಲ.’

ಪುಸ್ತಕ ಹಿಂದಿರುಗಿಸಿದ ಮಾರನೆಯ ದಿನ ಅದು ಮತ್ತೆ ಅವನ ಮೇಜಿಗೆ ಬಂತು. ‘ಗೊತ್ತಿಲ್ಲ ಅಂದಿದ್ದಕ್ಕೆ ನಂಬಿಕೆ ಬಂತು’ ಎಂದು ಅವಳು ಸೇರಿಸಿದ್ದಳು. ಹಾಗೆ ಅದು ರಸ್ತೆಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡತೊಡಗಿತು. ಅಂಚುಗಳು ತುಂಬಿದವು. ಮೊದಮೊದಲು ಕಥೆಯ ಬಗ್ಗೆ, ಆಮೇಲೆ ಯಾವ್ಯಾವುದರ ಬಗ್ಗೆಯೋ. ‘ನಿನ್ನೆ ಹಳದಿ ಅಂಗಿ ಯಾಕೆ?’ ಎಂದು ಅವಳು ಒಂದು ಕಡೆ ಬರೆದಿದ್ದನ್ನು ಅವನು ದಿನವಿಡೀ ಓದಿದ. ಹಳದಿ ಅಂಗಿ ಚೆನ್ನಾಗಿತ್ತೋ ಇಲ್ಲವೋ ಎಂಬುದು ಮಾತ್ರ ಆ ವಾಕ್ಯದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

“ಇನ್ನೂ ಸುಮಾರು ಜನ ಕೇಳ್ತಿದ್ದಾರೆ,” ಎಂದಳು ಒಮ್ಮೆ, ಟೀ ಅಂಗಡಿಯ ಮುಂದೆ ನಿಂತು. “ಊರಿನ ಪುಸ್ತಕದಂಗಡಿಗಳು ಹೆದರಿ ಇದ್ದ ಪ್ರತಿಗಳನ್ನೆಲ್ಲ ವಾಪಸ್ ಕಳಿಸಿಬಿಟ್ಟಿವೆ. ನನ್ನ ಹಳೇ ಓದುಗರ ಮನೆಗಳಲ್ಲಿ ಕೆಲವು ಇವೆ, ಕೊಡಕ್ಕೆ ತಯಾರಿದ್ದಾರೆ. ಆದ್ರೆ ಲೈಬ್ರರೀಲಿ ಕೊಟ್ರೆ ಆದೇಶ ಮೀರಿದ ಹಾಗೆ.”

“ನನ್ನ ಅಂಗಡಿಗೆ ಯಾವ ಆದೇಶಾನೂ ಬಂದಿಲ್ಲವಲ್ಲ.”

ಅವಳು ಲೋಟದ ಮೇಲಿಂದ ಅವನನ್ನು ನೋಡಿದಳು. ಆ ನೋಟ ಅವನ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಉಳಿಯಿತು. ಟೀ ಬಾಯಿ ಸುಟ್ಟದ್ದು ಅವನಿಗೆ ಆಮೇಲೆ ಗೊತ್ತಾಯಿತು.

ಹೀಗೆ ಕನ್ನಡಕದಂಗಡಿಗೆ ಕಣ್ಣು ಚೆನ್ನಾಗಿರುವವರೂ ಬರತೊಡಗಿದರು. ನಿವೃತ್ತ ಮೇಷ್ಟರು ಬಂದರು, ಆಸ್ಪತ್ರೆಯ ನರ್ಸ್ ಬಂದಳು, ಕೈಹಿಡಿದುಕೊಂಡು ಒಂದು ಮುದಿ ಜೋಡಿ ಬಂತು.

“ಓದೋ ಕನ್ನಡಕ ಬೇಕಿತ್ತು.”

“ಯಾವ ನಂಬರ್?”

“ಅದೇ...” ಮೇಷ್ಟರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಲೈಬ್ರರಿ ನಂಬರ್.”

ಅವನು ನಗದೆ, ಕೆಳಗಿನ ಕಪಾಟಿನಿಂದ ನೀಲಿ ರಟ್ಟಿನ ಪ್ರತಿ ತೆಗೆದು ಚೀಲಕ್ಕೆ ಹಾಕಿ ಕೊಟ್ಟ. ಪೆನ್ಸಿಲ್ ಗುರುತಿನ ಪ್ರತಿಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅದಕ್ಕೆ ಬೇರೆ ಡ್ರಾಯರ್.

ಆ ಡ್ರಾಯರನ್ನೇ ಅಕ್ಕ ತೆರೆದಳು. ಅವನು ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಬಂದವಳು, ಕೈ ಒರೆಸಲು ಬಟ್ಟೆ ಹುಡುಕಿದ್ದಳು. ಒಳಗಿನ ಕೋಣೆಯಿಂದ ಅವನು ಹೊರಬರುವಷ್ಟರಲ್ಲಿ ಕಂದು ಕಾಗದ ಬಿಚ್ಚಿಹೋಗಿತ್ತು.

“ಏನೋ ಪುಟ್ಟ ಇದು?”

“ಅಕ್ಕಾ, ಕೂತ್ಕೋ. ಹೇಳ್ತೀನಿ.”

“ಊರೆಲ್ಲ ಹಂಚ್ತಿರೋದು ನೀನೇನಾ? ಗ್ರೂಪಲ್ಲಿ ಯಾರೋ ಹೇಳಿದಾಗ ನನ್ನ ತಮ್ಮ ಅಂಥವನಲ್ಲ ಅಂತ ಜಗಳ ಆಡಿ ಬಂದಿದ್ದೀನಿ ಕಣೋ!” ಅಕ್ಕ ಪುಟ ತಿರುವಿದಳು, ಅಂಚು ನೋಡಿದಳು, ಇನ್ನೊಂದು ಪುಟ ತಿರುವಿದಳು. ದನಿ ಬದಲಾಯಿತು. “ಇದು ಯಾರ ಅಕ್ಷರ? ಆ ಲೈಬ್ರರಿ ಹುಡುಗೀದಾ? ಅವಳಿಗೋಸ್ಕರ ಇದೆಲ್ಲ ಮಾಡ್ತಿದ್ದೀಯಾ?”

ಹೌದು ಎಂದರೆ ಅರ್ಧ ಸುಳ್ಳು, ಇಲ್ಲ ಎಂದರೆ ಪೂರ್ತಿ ಸುಳ್ಳು. ಅಕ್ಕ ಪುಸ್ತಕವನ್ನು ಕೈಚೀಲಕ್ಕೆ ತುರುಕಿ ಹೊರಟುಹೋದಳು.

ಅವನು ಅಂಗಡಿಯ ಬಾಗಿಲನ್ನೂ ಹಾಕದೆ ಲೈಬ್ರರಿಗೆ ಓಡಿದ.

ಕೇಳಿ ಅವಳ ಕೈ ಮೇಜಿನ ಅಂಚನ್ನು ಹಿಡಿಯಿತು. “ನಾಡಿದ್ದು ಮಂಡಳಿ ಸಭೆ. ಆ ಪುಸ್ತಕದಲ್ಲಿ ನನ್ನ ಅಕ್ಷರ ಇದೆ. ಬೇರೇನೂ ಬೇಕಾಗಿಲ್ಲ ಅವರಿಗೆ, ಕೆಲಸ ಹೋದ ಹಾಗೇ.”

“ನಾನು ಅಕ್ಕನ ಹತ್ರ ಕೇಳಿ ತರ್ತೀನಿ. ಕೊಡದಿದ್ರೆ ಜಗಳ ಆಡ್ತೀನಿ.”

“ಬೇಡ. ನನಗೋಸ್ಕರ ಮನೆ ಕೆಡಿಸ್ಕೋಬೇಡಿ.”

“ನಿಮಗೋಸ್ಕರ ಅಂತ ನಾನು ಯಾವಾಗ ಹೇಳ್ದೆ?”

“ಹೇಳೇ ಇಲ್ಲ ಬಿಡಿ,” ಎಂದಳು. ಅವಳ ಕೆನ್ನೆ ಕೆಂಪಾಗಿತ್ತು. ಕೋಪಕ್ಕೋ ಬೇರೆ ಯಾವುದಕ್ಕೋ ಅವನಿಗೆ ತಿಳಿಯಲಿಲ್ಲ.

ಮನೆಯಲ್ಲಿ ಅಕ್ಕ ಆಫೀಸಿಗೆ ರಜೆ ಹಾಕಿ ಕೋಣೆಯ ಬಾಗಿಲು ಮುಚ್ಚಿಕೊಂಡಿದ್ದಳು. ಅವನು ಎಷ್ಟೋ ಸಲ ಬಾಗಿಲವರೆಗೆ ಹೋಗಿ ಬಂದ. ತಟ್ಟಲು ಎತ್ತಿದ ಕೈ ಒಂದು ಸಲ ಅಕ್ಕನ ಮಗಳ ಕೈಗೇ ತಾಗಿತು. ಅವಳೂ ಅದಕ್ಕೇ ಬಂದಿದ್ದಳು. “ನೀನು ಹೋಗು ಮಾಮ, ನಾನು ಮಾತಾಡ್ತೀನಿ,” ಎಂದು ಅವಳು ಒಳಗೆ ಹೋದಳು. ಒಳಗಿನಿಂದ ಏರಿದ ದನಿ ಕೇಳಲಿಲ್ಲ. ಏನೂ ಕೇಳಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಸಭೆಯ ದಿನ ಲೈಬ್ರರಿಯ ಓದುವ ಕೋಣೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮೇಷ್ಟರಿದ್ದರು, ನರ್ಸ್ ಇದ್ದಳು, ಫೋನುಗಳನ್ನು ಎತ್ತಿ ಹಿಡಿದ ಅಮ್ಮಂದಿರ ಗ್ರೂಪ್ ಇತ್ತು. ಗ್ರಂಥಪಾಲಕಿ ಅಧ್ಯಕ್ಷರ ಎದುರು ನೆಟ್ಟಗೆ ಕೂತಿದ್ದಳು. ಅವನು ಹಿಂದಿನ ಸಾಲಿನಿಂದ ಅವಳ ಕುತ್ತಿಗೆಯನ್ನಷ್ಟೇ ನೋಡಬಲ್ಲವನಾಗಿದ್ದ.

“ತಡೆಹಿಡಿದ ಪುಸ್ತಕವನ್ನ ನೀವೇ ಹಂಚಿದ್ದೀರಿ ಅಂತ ಆರೋಪ ಇದೆ,” ಎಂದರು ಅಧ್ಯಕ್ಷರು.

“ಲೈಬ್ರರಿ ಪ್ರತಿ ಕಪಾಟಲ್ಲೇ ಇದೆ. ನಾನು ಕೊಟ್ಟಿದ್ದು ನನ್ನ ಸ್ವಂತದ್ದು, ಓದಿದವರು ತಮ್ಮ ಮನಸ್ಸಿಂದ ಕೊಟ್ಟಿದ್ದು.”

ಅವನು ಎದ್ದು ನಿಂತ. “ಹಂಚಿದ್ದು ನಾನು. ನನ್ನ ಅಂಗಡೀಲಿ.” ಅವಳು ಹಿಂತಿರುಗಿ ನೋಡಿದಳು.

“ಕೂತ್ಕೋ ಪುಟ್ಟ,” ಎಂದಿತು ಒಂದು ದನಿ.

ಬಾಗಿಲ ಬಳಿ ಅಕ್ಕ ನಿಂತಿದ್ದಳು, ಮಗಳ ಜೊತೆ. ಕೈಯಲ್ಲಿ ಕಂದು ಕಾಗದದ ಪುಸ್ತಕ.

“ದೂರು ನನ್ನದು, ನಾನೇ ಮಾತಾಡ್ತೀನಿ. ಆಗ ನಾನು ಓದಿದ್ದು ಒಂದು ಫೋಟೋ. ಈಗ ಪೂರ್ತಿ ಓದಿದ್ದೀನಿ. ನನಗೆ ಇದು ಇಷ್ಟ ಆಗ್ಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಓದ್ತಾ ಓದ್ತಾ ಎರಡು ಸಲ ಮುಚ್ಚಿಟ್ಟೆ.” ಅಮ್ಮಂದಿರ ಗ್ರೂಪಿನಲ್ಲಿ ಯಾರೋ ತಲೆಯಾಡಿಸಿದರು. ಅಕ್ಕ ಅವರ ಕಡೆ ನೋಡಲಿಲ್ಲ. “ಮೊನ್ನೆ ನನ್ನ ಮಗಳು ಕೇಳಿದ್ಳು, ಅಮ್ಮಾ, ನನಗೆ ಹೀಗಾಗಿ ನಾನು ಬಂದು ಹೇಳಿದ್ರೆ ನೀನು ನಂಬ್ತೀಯಾ ಅಂತ. ನಂಬ್ತೀನಿ ಅಂದೆ. ಹಾಗಾದ್ರೆ ಪುಸ್ತಕ ಯಾಕೆ ಕಿತ್ಕೊಂಡೆ ಅಂದ್ಳು.” ಅಕ್ಕ ಪುಸ್ತಕವನ್ನು ಎತ್ತಿ ಹಿಡಿದಳು. “ಈ ಪುಸ್ತಕ ಇಲ್ಲದಿದ್ರೆ ಆ ಪ್ರಶ್ನೆ ನಮ್ಮ ಮನೇಲಿ ಯಾರೂ ಕೇಳ್ತಿರ್ಲಿಲ್ಲ. ನನ್ನ ದೂರು ವಾಪಸ್ ತಗೋತೀನಿ. ನನ್ನ ಮಗಳು ಏನು ಓದ್ಬೇಕು ಅಂತ ನಾನೂ ಅವಳೂ ಮನೇಲಿ ಜಗಳ ಆಡ್ಕೋತೀವಿ. ಊರಿನ ಮಕ್ಕಳಿಗೆಲ್ಲ ಬೀಗ ಹಾಕಕ್ಕೆ ನಾನ್ಯಾರು?”

ವಾದ ಸಂಜೆಯವರೆಗೂ ನಡೆಯಿತು. ಕೊನೆಗೆ ಪುಸ್ತಕ ಕಪಾಟಿನಿಂದ ಹೊರಬಂತು. ಆದರೆ ಮಂಡಳಿಗೆ ತನ್ನ ಮಾನವನ್ನೂ ಉಳಿಸಿಕೊಳ್ಳಬೇಕಿತ್ತು. ಗ್ರಂಥಪಾಲಕಿಯನ್ನು ಊರಿನ ಇನ್ನೊಂದು ಕೊನೆಯ ಸಣ್ಣ ಶಾಖೆಗೆ ವರ್ಗ ಮಾಡಿತು, ಸೋಮವಾರದಿಂದಲೇ.

ಮೆಟ್ಟಿಲ ಮೇಲೆ ಅಕ್ಕ ಪುಸ್ತಕವನ್ನು ಅವಳ ಕೈಗಿಟ್ಟಳು. “ತಗೋಮ್ಮ, ನಿನ್ನದು. ಅಂಚಲ್ಲಿ ಬರೆದಿದ್ದನ್ನೂ ಓದಿಬಿಟ್ಟೆ, ತಪ್ಪು ತಿಳ್ಕೋಬೇಡ. ಇವನ ಅಕ್ಷರ ಇಷ್ಟು ದುಂಡಗಿರೋದನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ. ನನಗೆ ಒಂದು ಸಾಮಾನಿನ ಚೀಟಿ ಬರೆದ್ರೂ ಕಾಗೆ ಕಾಲು.” ಮಗಳ ಭುಜದ ಮೇಲೆ ಕೈ ಹಾಕಿ ಇಳಿದು ಹೋದಳು. ಮಗಳು ಆ ಕೈಯನ್ನು ತಳ್ಳಲಿಲ್ಲ.

ಇಬ್ಬರೇ ಉಳಿದರು. ರಸ್ತೆಯಲ್ಲಿ ಹಾರ್ನ್‌ಗಳ ಗಲಾಟೆ.

“ಮೇಡಂ, ನಾನೊಂದು ಮಾತು...”

“ಮೇಡಂ ಅಂತ ಶುರು ಮಾಡಿದ್ರೆ ಅದೂ ದೂರಿನ ಹಾಗೇ ಕೇಳಿಸುತ್ತೆ.”

“ದೂರೇ ಅಂತಿಟ್ಕೊಳ್ಳಿ. ಅಂಗಡೀಲಿ ಕೂರಕ್ಕೆ ಆಗ್ತಿಲ್ಲ. ಮನೇಲಿ ಕೂತ್ರೆ ಎದ್ದು ಓಡಾಡ್ಬೇಕು ಅನಿಸುತ್ತೆ. ಓಡಾಡಿದ್ರೆ ಕಾಲು ಇಲ್ಲಿಗೇ ಬರುತ್ತೆ. ಸೋಮವಾರದಿಂದ ನೀವು ಇಲ್ಲಿರಲ್ಲ, ಈ ಕಾಲನ್ನ ನಾನೇನು ಮಾಡ್ಲಿ?” ಉಸಿರು ತೆಗೆದುಕೊಂಡ. “ನಿಮ್ಮನ್ನ ಪ್ರೀತಿಸ್ತೀನಿ. ಇದನ್ನ ಬರೆಯೋದು ಸುಲಭ ಇತ್ತು, ಆದ್ರೆ ಅಂಚಲ್ಲಿ ಜಾಗ ಮುಗಿದುಹೋಗಿತ್ತು.”

ಅವಳು ಪುಸ್ತಕವನ್ನು ಎದೆಗೊತ್ತಿಕೊಂಡಳು.

“ನೀನು ಇಷ್ಟು ನಿಧಾನ ಅಂತ ಗೊತ್ತಿದ್ದಿದ್ರೆ ಮೊದಲೇ ನಾನೇ ಹೇಳ್ತಿದ್ದೆ.”

ಅವನು ತಟ್ಟನೆ ಅವಳ ಕಡೆ ತಿರುಗಿದ. “ಇನ್ನೊಂದು ಸಲ ಹೇಳಿ.”

“ಏನನ್ನ?”

“ಅದರ ಮೊದಲನೇ ಪದ.”

ಅವಳು ನಕ್ಕಳು. ಕೆಂಪಾದ ಮುಖವನ್ನು ಈ ಸಲ ಅವನಿಂದ ತಿರುಗಿಸಿಕೊಳ್ಳಲಿಲ್ಲ.

“ನೀನು,” ಎಂದಳು.