ಮೈಕಿನ ಮುಂದೆ ಹೇಳದ ಹೆಸರು

"ಇಂಥ ಡಬ್ಬ ಸ್ಪೀಕರ್ ಇಟ್ಕೊಂಡು ಯಾಕ್ರೀ ಬರ್ತೀರ?"

ಅನುಶ್ರೀಯ ದನಿ ಕುಶಾಲನಗರದ ಆ ಸಭಾಭವನದ ಕೊನೆಯ ಕುರ್ಚಿಯವರೆಗೂ ಕೇಳಿಸಿತು.

ವೇದಿಕೆಯ ಮೇಲೆ ಹನ್ನೆರಡು ಹುಡುಗಿಯರು ತಾಳ ತಪ್ಪಿ ನಿಂತುಬಿಟ್ಟಿದ್ದರು. ಒಬ್ಬಳು ಅಳುತ್ತಿದ್ದಳು. ನೃತ್ಯ ಶಾಲೆ ನಡೆಸುವ ಉಷಾರಾಣಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು.

ಆ ನೃತ್ಯಕ್ಕೆ ಎಲೆಕ್ಟ್ರಾನಿಕ್ ಸಂಗೀತ ಮಾಡಿಕೊಟ್ಟವಳು ಅನುಶ್ರೀಯೇ. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮನೆಗೆ ಬಂದರೆ ಲ್ಯಾಪ್‌ಟಾಪು, ಹೆಡ್‌ಫೋನು. ಎರಡು ತಿಂಗಳು ಕೂತು ಮಾಡಿದ ಹಾಡು, ಹೆಡ್‌ಫೋನಿನಲ್ಲಿ ಎಷ್ಟು ಚೆನ್ನಾಗಿತ್ತು... ಇಲ್ಲಿ ನೋಡಿದರೆ ಬರೀ ಗುಂಯ್ ಗುಂಯ್. ತಾಳ ಹಿಡಿಯಬೇಕಾದ ಕಿಕ್ ಡ್ರಮ್ಮಿನ ಪೆಟ್ಟು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ.

ಮಿಕ್ಸರ್ ಹಿಂದೆ ನಿಂತಿದ್ದವನು ಸೋಮವಾರಪೇಟೆಯ ಚಿದಾನಂದ. ಸ್ವಂತ ಸೌಂಡ್ ಸಿಸ್ಟಮ್ ಇಟ್ಟುಕೊಂಡಿದ್ದವನು. ಅವನು ದನಿ ಏರಿಸಲಿಲ್ಲ.

"ಸ್ಪೀಕರ್ ಸರಿ ಇದೆ ಮೇಡಂ. ನಿಮ್ಮ ಟ್ರ್ಯಾಕಲ್ಲೇ ಕಿಕ್ಕೂ ಕೆಳಗಿನ ಬೇಸ್ ದನಿಯೂ ಒಂದೇ ಜಾಗಕ್ಕೆ ಹೊಡೆದಾಡ್ತಾ ಇವೆ."

ಮೊದಲೇ ಉರಿಯುತ್ತಿದ್ದ ಅನುಶ್ರೀಗೆ ಮೈಯೆಲ್ಲ ಬೆಂಕಿಯಾಯಿತು.

"ನೀವು ವೈರ್ ಎಳೆದು ಸ್ಪೀಕರ್ ಜೋಡಿಸಿ, ಸಾಕು. ಸಂಗೀತ ನನಗೆ ಗೊತ್ತು."

ಯಾರೋ ನಕ್ಕರು. ಅವರ ಹಿಂದೆ ಇನ್ನಷ್ಟು ಜನ ನಕ್ಕರು. ಚಿದಾನಂದನ ಮುಖ ಕೆಂಪಾಯಿತು. ಅವನು ತಲೆ ತಗ್ಗಿಸಿ ವೈರು ಸುತ್ತತೊಡಗಿದ.

ನಾಲ್ಕು ದಿನ ಕಳೆದಿರಬಹುದು. ಸೋದರಮಾವ ಹೊಸ ಕಾರು ತಂದಿದ್ದರು, ಅದರ ಸೌಂಡ್ ಕೇಳು ಬಾ ಎಂದು ಅನುಶ್ರೀಯನ್ನು ಕರೆದರು. ಒಂದಾದ ಮೇಲೊಂದು ಹಾಡು ಕೇಳಿದರು. ಎಲ್ಲದರಲ್ಲೂ ಕಿಕ್ ಎದೆಗೆ ಬಡಿಯುವಷ್ಟು ಸ್ಪಷ್ಟ. ಕೊನೆಗೆ ಅವಳು ತನ್ನದೇ ಹಾಡು ಹಾಕಿದಳು.

ಗುಂಯ್... ಗುಂಯ್...

ಅದೇ ಗದ್ದಲ. ಸ್ಪೀಕರ್ ಬೇರೆ, ಜಾಗ ಬೇರೆ, ಹಾಡು ಮಾತ್ರ ಅದೇ.

ಮಾವ ಏನೋ ಹೇಳುತ್ತಿದ್ದರು, ಒಂದೂ ಕಿವಿಗೆ ಬೀಳಲಿಲ್ಲ. 'ಅವರು ಹೇಳಿದ್ದೇ ನಿಜ... ಅಷ್ಟು ಜನರ ಮುಂದೆ ನಾನು ಎಂಥ ಮಾತು ಆಡಿಬಿಟ್ಟೆ...'

ಮರುದಿನ ಉಷಾರಾಣಿಯ ಫೋನ್ ಬಂತು. ಇನ್ನೊಂದು ತಿಂಗಳಿಗೆ ಅದೇ ಭವನದಲ್ಲಿ ಮತ್ತೆ ಕಾರ್ಯಕ್ರಮ ಇಟ್ಟಿದ್ದಾರಂತೆ. ಹೆದರಬೇಡ, ಆ ಸೋಮವಾರಪೇಟೆಯವನನ್ನು ಭವನದ ಕಾರ್ಯದರ್ಶಿ ಜಯಪ್ರಕಾಶ್ ಅವರು ಇನ್ನು ಯಾವ ಕಾರ್ಯಕ್ರಮಕ್ಕೂ ಕರೆಯುವುದಿಲ್ಲವಂತೆ ಎಂದೂ ಹೇಳಿದರು. ಆಗಲೇ ನಿಜ ಹೇಳಿಬಿಡಬೇಕಿತ್ತು. ಬದಲಿಗೆ ಹೂಂ ಎಂದು ಫೋನ್ ಇಟ್ಟಳು.

ಆ ಹೂಂ ಅವಳನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ಸೋಮವಾರ ರಜೆ ಹಾಕಿ ಸೋಮವಾರಪೇಟೆಯ ಬಸ್ಸು ಹತ್ತಿದಳು.

ಸಂತೆಯ ಜನದಲ್ಲಿ ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಮುಂದೆ ಸ್ಪೀಕರ್ ತುಂಬಿದ ಶೆಡ್ಡು, ಹಿಂದೆ ಮನೆ. ಚಿದಾನಂದ ಪೇಟೆಗೆ ಹೋಗಿದ್ದ. ಅವನ ತಾಯಿ ವಿಶಾಲಾಕ್ಷಮ್ಮ ಯಾರು, ಏನು ಎಂದು ಕೇಳದೆಯೇ ಒಳಗೆ ಕೂರಿಸಿ ಕಾಫಿ ತಂದರು.

"ಕೆಲಸದ ಮೇಲೆ ಬಂದ್ಯೇನವ್ವ? ಈಗ ಅವನು ಸರಿಯಾಗಿ ಮಾತೇ ಆಡಲ್ಲ. ಕುಶಾಲನಗರದಲ್ಲಿ ಯಾವಳೋ ಒಬ್ಬಳು ನಾಲ್ಕು ಜನರ ಎದುರು ಇವನ ಮರ್ಯಾದೆ ತೆಗೆದಳಂತೆ. ಅವನಪ್ಪ ಹೋದ ಮೇಲೆ ಒಬ್ಬನೇ ಕಲಿತು ಕಟ್ಟಿದ ಕೆಲಸ... ತಟ್ಟೆ ಮುಂದೆ ಕೂತವನು ಹಾಗೇ ಎದ್ದು ಹೋಗ್ತಾನೆ."

ಅನುಶ್ರೀ ತುಟಿಗೆ ತಂದಿದ್ದ ಲೋಟ ಕೆಳಗಿಟ್ಟಳು. ಎದ್ದು ಓಡಿಹೋಗಲೇ ಎನ್ನಿಸಿತು.

"ಅಮ್ಮ... ಅವಳು ನಾನೇ."

ವಿಶಾಲಾಕ್ಷಮ್ಮ ಅವಳನ್ನೇ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಕಾಫಿ ಆರಿಹೋಗ್ತದೆ, ಕುಡಿ," ಎಂದು ಹೇಳಿ ಅವರು ಒಳಗೆ ಹೋದರು.

ಅವಳು ಅಳುತ್ತಲೇ ಕುಡಿದಳು.

ಚಿದಾನಂದ ಬಂದ. ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಅವಳು ಕಾರಿನಲ್ಲಿ ಕೇಳಿದ್ದು, ತಪ್ಪು ತನ್ನದೇ ಎಂದು ತಿಳಿದದ್ದು ಎಲ್ಲ ತೊದಲುತ್ತಾ ಹೇಳಿ ಕ್ಷಮೆ ಕೇಳಿದಳು. ಹಾಡು ತಂದಿದ್ದೀರಾ ಎಂದಷ್ಟೇ ಅವನು ಕೇಳಿದ.

ಶೆಡ್ಡಿನಲ್ಲಿ ಲ್ಯಾಪ್‌ಟಾಪನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿದರು. ಹೆಡ್‌ಫೋನಿನಲ್ಲಿ ಅಷ್ಟು ಕೆಳಗಿನ ದನಿ ಸರಿಯಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಮೋಸ ಹೋಗಿದ್ದೀರಿ ಎಂದು ಅವನು ವಿವರಿಸಿದ. ಆಮೇಲೆ ಬೇಸ್ ಇರುವ ಟ್ರ್ಯಾಕಿನ ಮೇಲೆ ಒಂದು ಕಂಪ್ರೆಸರ್ ಹಾಕಿಸಿದ. ಜೋರಾದ ದನಿಯನ್ನು ತಗ್ಗಿಸುವ ಉಪಕರಣ ಅದು.

"ಕಂಪ್ರೆಸರ್ ಕೂರೋದು ಬೇಸ್ ಮೇಲೆ. ಆದ್ರೆ ಅದು ಕಿವಿ ಕೊಡೋದು ಕಿಕ್ಕಿಗೆ. ಇದಕ್ಕೆ ಸೈಡ್‌ಚೈನ್ ಅಂತಾರೆ. ಕಿಕ್ ಬಿದ್ದ ಗಳಿಗೆ ಬೇಸ್ ಸ್ವಲ್ಪ ತಗ್ಗುತ್ತೆ, ಪೆಟ್ಟು ಮುಗಿದ ಕೂಡಲೇ ಮೇಲೆ ಬರುತ್ತೆ. ಜನಕ್ಕೆ ತಗ್ಗಿದ್ದು ಗೊತ್ತೇ ಆಗಲ್ಲ."

ಅವಳು ಆಸೆಗೆ ಬಿದ್ದು ಜಾಸ್ತಿ ತಗ್ಗಿಸಿದಳು. ಹಾಡೆಲ್ಲ ಏದುಸಿರು ಬಿಟ್ಟಂತೆ ಕೇಳಿತು. ಚಿದಾನಂದ ಮೊದಲ ಸಲ ನಕ್ಕ. ನಾಲ್ಕು ಡೆಸಿಬಲ್ ತಗ್ಗಿದರೆ ಸಾಕು ಎಂದ. ಬೇಸ್ ಎಷ್ಟು ಬೇಗ ಮೇಲೆ ಬರಬೇಕು ಎಂಬುದನ್ನು ಹೊಂದಿಸಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಆಮೇಲೆ...

ಧಬ್. ಧಬ್. ಧಬ್.

ಕಿಕ್ ಬಿಡಿಬಿಡಿಯಾಗಿ ಬಡಿಯಿತು. ಬೇಸ್ ಎಲ್ಲಿಯೂ ಕಳೆದುಹೋಗಿರಲಿಲ್ಲ. ತನ್ನದೇ ಹಾಡನ್ನು ಅನುಶ್ರೀ ಇವತ್ತೇ ಮೊದಲ ಸಲ ಕೇಳಿದಂತಿತ್ತು.

ಆಮೇಲೆ ಪ್ರತಿ ವಾರವೂ ಅವಳು ಬಂದಳು. ಹಾಡಿನ ಕೆಲಸ ಮುಗಿದ ಮೇಲೂ ಬಂದಳು. ವಿಶಾಲಾಕ್ಷಮ್ಮ ರೊಟ್ಟಿ ತಟ್ಟುತ್ತಾ ಅವಳ ಹತ್ತಿರ ಮಾತಾಡತೊಡಗಿದರು. ಚಿದಾನಂದ ಸರಿಯಾಗಿ ಉಣ್ಣತೊಡಗಿದ. ಭವನದವರು ತನ್ನನ್ನು ಕರೆಯುವುದನ್ನು ನಿಲ್ಲಿಸಿದ ವಿಷಯವನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಅವನ ಕಣ್ಣಿಗೆ ಕಣ್ಣು ಸೇರಿದಾಗಲೆಲ್ಲ ಎದೆಯೊಳಗೆ ಸಂತೋಷ ಏಳುತ್ತಿತ್ತು, ಅದರ ಬೆನ್ನಿಗೇ ನಾಚಿಕೆ.

ಎರಡನೇ ಕಾರ್ಯಕ್ರಮದ ದಿನ ಹುಡುಗಿಯರ ಒಂದು ಹೆಜ್ಜೆಯೂ ತಪ್ಪಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉಷಾರಾಣಿ ಅನುಶ್ರೀಯನ್ನು ವೇದಿಕೆಗೆ ಕರೆದರು. ಈ ಸಂಗೀತ ಪೂರ್ತಿ ಇವಳೊಬ್ಬಳ ಶ್ರಮ, ಹೋದ ಸಲ ಕೆಟ್ಟ ಸೌಂಡಿನಿಂದ ಇವಳ ಕೆಲಸ ಹಾಳಾಗಿತ್ತು ಎಂದು ಹೊಗಳಿ ಮೈಕು ಕೊಟ್ಟರು.

ಹಿಂದಿನ ಬಾಗಿಲ ಹತ್ತಿರ ಚಿದಾನಂದ ನಿಂತಿದ್ದ. ಅವಳೇ ಬನ್ನಿ ಎಂದು ಕರೆದಿದ್ದಳು.

'ಹೇಳು... ಈಗ ಹೇಳು...'

ಮುಂದಿನ ಸಾಲಿನಲ್ಲಿ ಅಪ್ಪ ಸಿದ್ದರಾಜು ಹೆಮ್ಮೆಯಿಂದ ಬೀಗುತ್ತಿದ್ದರು. ಪಕ್ಕದಲ್ಲಿ ಕಾರ್ಖಾನೆಯವರು, ನೆಂಟರು.

"ಎಲ್ಲರಿಗೂ ಥ್ಯಾಂಕ್ಸ್," ಎಂದಳು ಅನುಶ್ರೀ. ಅಷ್ಟೇ.

ಕಣ್ಣೆತ್ತಿ ನೋಡಿದಾಗ ಬಾಗಿಲ ಹತ್ತಿರ ಯಾರೂ ಇರಲಿಲ್ಲ.

ಚಿದಾನಂದ ಫೋನ್ ಎತ್ತಲಿಲ್ಲ. ಮೂರನೇ ದಿನ ವಿಶಾಲಾಕ್ಷಮ್ಮ ಎತ್ತಿದರು. ಮೆಲ್ಲಗೆ, ಅವನು ಮಾತಾಡಲ್ಲ ಅಂತಾನೆ ಕಣವ್ವ ಎಂದು ಇಟ್ಟರು. ಅನುಶ್ರೀಗೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಬೇಡವಾಯಿತು. ಮೊದಲ ಸಲ ತಿಳಿಯದೆ ಅವಮಾನ ಮಾಡಿದ್ದಳು. ಈ ಸಲ ಎಲ್ಲ ತಿಳಿದೂ ಮಾಡಿದ್ದಳು.

ಭಾನುವಾರ ಬೆಳಿಗ್ಗೆ ನೃತ್ಯ ಶಾಲೆಯಲ್ಲಿ ಪೋಷಕರ ಸಭೆ. ಜಯಪ್ರಕಾಶ್ ಕೂಡ ಬಂದಿದ್ದರು. ಅನುಶ್ರೀ ಅಪ್ಪನನ್ನೂ ಕರೆದುಕೊಂಡು ಹೋದಳು. ಎರಡು ನಿಮಿಷ ಮಾತಾಡಬೇಕೆಂದು ಕೇಳಿ ಎದ್ದು ನಿಂತಳು.

"ಮೊದಲ ಸಲ ನಿಮ್ಮ ಮಕ್ಕಳು ಅತ್ತಿದ್ದು ನನ್ನಿಂದ. ಸ್ಪೀಕರ್ ಸರಿ ಇತ್ತು, ಟ್ರ್ಯಾಕ್ ಸರಿ ಇರಲಿಲ್ಲ. ಅದನ್ನ ಹೇಳಿದ ಚಿದಾನಂದ ಅವರಿಗೆ ನಾನು ಅವಮಾನ ಮಾಡಿದೆ. ಆಮೇಲೆ ಅವರೇ ನನಗೆ ಕೂತು ಕಲಿಸಿದ್ರು. ಎರಡನೇ ಸಲ ಬಂದ ಚಪ್ಪಾಳೆ ಅವರದ್ದು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ."

ಯಾರೂ ಸಮಾಧಾನ ಹೇಳಲಿಲ್ಲ. ಉಷಾರಾಣಿ ಮುಖ ತಿರುಗಿಸಿಕೊಂಡರು. ಮಗಳನ್ನು ಹಿಡಿದುಕೊಂಡು ಒಬ್ಬ ತಾಯಿ ಇಷ್ಟು ದಿನ ಏನು ಮಾಡ್ತಿದ್ದೆ ಎಂದು ಕೇಳಿದಳು. ಜಯಪ್ರಕಾಶ್ ಮಾತ್ರ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಮನೆಯ ಗೇಟಿನ ಹತ್ತಿರ ಬಂದಾಗ ಅಪ್ಪ ಅವಳ ತಲೆ ಸವರಿ ಒಳಗೆ ಹೋದರು.

ಸಂಜೆ ಐದಕ್ಕೆ ಗೇಟಿನ ಮುಂದೆ ಚಿದಾನಂದ ನಿಂತಿದ್ದ.

ಅವಳು ಹತ್ತಿರ ಹೋದಳು. ತಲೆ ಎತ್ತಲಾಗಲಿಲ್ಲ.

"ಜಯಪ್ರಕಾಶ್ ಸರ್ ಎಲ್ಲ ಹೇಳಿದ್ರು," ಎಂದ ಅವನು. "ನನಗೆ ಚಪ್ಪಾಳೆ ಬೇಕಿರಲಿಲ್ಲ ಅನು. ನನ್ನ ಹೆಸರು ಹೇಳೋಕೆ ನಿಮಗೆ ನಾಚಿಕೆ ಅಂದ್ಕೊಂಡೆ. ಅದು ಸಹಿಸೋಕಾಗಲಿಲ್ಲ."

"ನಾಚಿಕೆ ನಿಮ್ಮ ಬಗ್ಗೆ ಅಲ್ಲ... ನನ್ನ ಬಗ್ಗೆ. ಈಗಲೂ ಇದೆ."

"ಇರಲಿ ಬಿಡಿ. ಹೋಗುತ್ತೆ ನಿಧಾನಕ್ಕೆ."

ಅವಳ ಕಣ್ಣಿಂದ ನೀರು ಇಳಿಯಿತು. ಅವನು ಒರೆಸಲು ಕೈ ಚಾಚಿ, ಒಪ್ಪಿಗೆ ಕೇಳುವಂತೆ ನೋಡಿದ. ಅವಳು ಹಿಂದೆ ಸರಿಯಲಿಲ್ಲ.

"ನಿಮ್ಮನ್ನ ಇಷ್ಟಪಡ್ತೀನಿ," ಎಂದಳು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಆದ್ರೆ ಜೊತೆಗಿರ್ತೀರಾ ಅಂತ ಕೇಳೋ ಮುಖ ನನಗಿಲ್ಲ."

"ಹಾಗಾದ್ರೆ ನಾನೇ ಕೇಳ್ತೀನಿ."

ಆಗ ಅವಳು ತಲೆ ಎತ್ತಿದಳು.

"ಕೇಳಿ."